ಹೆಸರಿಗಿಂತ ಮೊದಲು ತಾರೀಖು: ಉಗ್ರರ ಪಟ್ಟಿಯ ಹಿಂದಿನ ರಾಜತಂತ್ರ

ನವಿ ಮುಂಬಯಿಯ ಐರೋಲಿಯ ಗಾಜಿನ ಕಟ್ಟಡವೊಂದರಲ್ಲಿ ನಾನು ಕೆಲವು ವರ್ಷ ಮಾಡಿದ ಕೆಲಸವನ್ನು ಊರಿನವರಿಗೆ ವಿವರಿಸುವುದು ಕಷ್ಟವಾಗುತ್ತಿತ್ತು. ವಿದೇಶಿ ಬ್ಯಾಂಕೊಂದರ ಮೂಲಕ ಹಣ ಕಳುಹಿಸುವವರ ಮತ್ತು ಪಡೆಯುವವರ ಹೆಸರುಗಳನ್ನು ಕಂಪ್ಯೂಟರ್ ತಾನಾಗಿಯೇ ನಿರ್ಬಂಧಿತರ ಪಟ್ಟಿಗಳೊಡನೆ ತಾಳೆ ನೋಡುತ್ತದೆ. ಹೋಲಿಕೆ ಕಂಡಲ್ಲಿ ಸಾಲು ಕೆಂಪಾಗುತ್ತದೆ. ಆ ಕೆಂಪು ಸಾಲನ್ನು ತೆರೆದು, ಇವನು ಪಟ್ಟಿಯಲ್ಲಿರುವವನೇ ಹೌದೋ ಅಥವಾ ಅದೇ ಹೆಸರು ಹೊತ್ತ ಬೇರೆ ಬಡಪಾಯಿಯೋ ಎಂದು ತೀರ್ಮಾನಿಸುವುದು ನಮ್ಮ ಪಾಲಿನ ಕೆಲಸ. ಬಹುಮಟ್ಟಿಗೆ ಬಡಪಾಯಿಯೇ ಆಗಿರುತ್ತಿದ್ದ. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಧಾರವಾಡದ ಹಿರಿಯರೊಬ್ಬರು ಮೊದಲ ವಾರವೇ ನನಗೊಂದು ಪಾಠ ಹೇಳಿದ್ದರು: “ಹೆಸರ ಆಮ್ಯಾಲೆ ನೋಡ್ರಿ, ಮೊದಲ ತಾರೀಖ ನೋಡ್ರಿ.” ಅವರು ಹೇಳಿದ್ದು ಕಚೇರಿಯ ಲೆಕ್ಕಕ್ಕೆ, ಹಣ ಹೊರಟದ್ದು ಹೆಸರು ಪಟ್ಟಿಗೆ ಸೇರುವ ಮೊದಲೋ ಆಮೇಲೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತಿತ್ತು. ಆ ಮಾತು ರಾಜತಂತ್ರಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಹೊಳೆದದ್ದು ಆ ಕೆಲಸ ಬಿಟ್ಟ ಮೇಲೆ.

ಕೆಲಸ ಬಿಟ್ಟರೂ ಪಟ್ಟಿ ನೋಡುವ ಚಟ ಬಿಟ್ಟಿಲ್ಲ. 2025ರ ಆಗಸ್ಟ್ 11ರಂದು ಅಮೆರಿಕದ ವಿದೇಶಾಂಗ ಇಲಾಖೆಯು, ಪಾಕಿಸ್ತಾನದಿಂದ ಬಲೂಚಿಸ್ತಾನವನ್ನು ಬೇರ್ಪಡಿಸಲು ಹೋರಾಡುವ ಸಶಸ್ತ್ರ ಗುಂಪಾದ ಬಲೂಚ್ ಲಿಬರೇಷನ್ ಆರ್ಮಿಯನ್ನೂ (ಬಿಎಲ್‌ಎ) ಅದರ ಆತ್ಮಾಹುತಿ ದಳವಾದ ಮಜೀದ್ ಬ್ರಿಗೇಡನ್ನೂ ‘ವಿದೇಶಿ ಭಯೋತ್ಪಾದಕ ಸಂಘಟನೆ’ ಎಂದು ಘೋಷಿಸಿತು. ಟಿವಿಯಲ್ಲಿ ಅದು ಮಹಾ ತಿರುವಿನಂತೆ ಬಿತ್ತರವಾಯಿತು. ಪಟ್ಟಿಯನ್ನು ತೆರೆದು ನೋಡಿದರೆ ಆದ ಬದಲಾವಣೆ ಅಲ್ಪ: ಬಿಎಲ್‌ಎ 2019ರ ಜುಲೈಯಿಂದಲೇ ಅಮೆರಿಕದ ಇನ್ನೊಂದು ಭಯೋತ್ಪಾದಕ ಪಟ್ಟಿಯಲ್ಲಿತ್ತು, ಆ ಹಳೆಯ ನಮೂದಿಗೆ ಈಗ ಮಜೀದ್ ಬ್ರಿಗೇಡ್ ಎಂಬ ಅಡ್ಡಹೆಸರು ಸೇರಿತು, ಮತ್ತು ಅದಕ್ಕೆ ಅನ್ವಯಿಸುವ ಕಾನೂನು ಒಂದು ಹೆಚ್ಚಾಯಿತು. 2019ರ ಘೋಷಣೆಯೇ ಅಮೆರಿಕದ ವ್ಯಾಪ್ತಿಯಲ್ಲಿರುವ ಆಸ್ತಿಯನ್ನು ಸ್ತಂಭನಗೊಳಿಸಿತ್ತು, ಅದರೊಡನೆ ವ್ಯವಹರಿಸದಂತೆ ಬ್ಯಾಂಕುಗಳನ್ನು ತಡೆದಿತ್ತು. ಹೊಸ ಘೋಷಣೆಯು, ಗೊತ್ತಿದ್ದೂ ಆ ಗುಂಪಿಗೆ ಯಾವುದೇ ‘ಪೂರಕ ನೆರವು’ ಕೊಡುವುದನ್ನು ದೀರ್ಘ ಸೆರೆವಾಸದ ಅಪರಾಧವಾಗಿಸುತ್ತದೆ. ಸದಸ್ಯರಿಗೆ ಅಮೆರಿಕದ ಬಾಗಿಲು ಮುಚ್ಚುತ್ತದೆ. ಬಲೂಚಿಸ್ತಾನದ ಬೋಲಾನ್ ಕಣಿವೆಯಲ್ಲಿ ಬಂದೂಕು ಹಿಡಿದವನಿಗೆ ನ್ಯೂಯಾರ್ಕಿನಲ್ಲಿ ಬ್ಯಾಂಕ್ ಖಾತೆಯೂ ಇರುವುದಿಲ್ಲ, ವೀಸಾದ ಆಸೆಯೂ ಇರುವುದಿಲ್ಲ. ಹಾಗಾದರೆ ಈ ಎರಡನೆಯ ಮೊಹರು ಯಾರಿಗಾಗಿ?

ತಾರೀಖು ನೋಡೋಣ. ಘೋಷಣೆಯ ಮರುದಿನ, ಆಗಸ್ಟ್ 12ರಂದು, ಇಸ್ಲಾಮಾಬಾದಿನಲ್ಲಿ ಅಮೆರಿಕ ಮತ್ತು ಪಾಕಿಸ್ತಾನಗಳ ಭಯೋತ್ಪಾದನಾ ನಿಗ್ರಹ ಮಾತುಕತೆ ನಡೆಯಿತು. ಅದಕ್ಕೆ ಸ್ವಲ್ಪ ಮೊದಲು ಪಾಕ್ ಸೇನಾ ಮುಖ್ಯಸ್ಥ ಆಸಿಮ್ ಮುನೀರ್ ಎರಡು ತಿಂಗಳೊಳಗೆ ಎರಡನೆಯ ಬಾರಿ ಅಮೆರಿಕಕ್ಕೆ ಹೋಗಿದ್ದರು. ಜುಲೈ ಕೊನೆಯಲ್ಲಿ ಉಭಯ ದೇಶಗಳ ವಾಣಿಜ್ಯ ಒಪ್ಪಂದ ಕುದುರಿತ್ತು. ಅದೇ ಹೊತ್ತಿಗೆ ಭಾರತದ ಸರಕುಗಳ ಮೇಲೆ ಶೇ 50ರ ಸುಂಕ ಬೀಳುವುದರಲ್ಲಿತ್ತು. 2019ರದೂ ಇದೇ ಕಥೆ: ಜುಲೈ 2ರಂದು ಬಿಎಲ್‌ಎ ಮೊದಲ ಬಾರಿಗೆ ಪಟ್ಟಿ ಸೇರಿತು, ಜುಲೈ 22ರಂದು ಇಮ್ರಾನ್ ಖಾನ್ ಶ್ವೇತಭವನದಲ್ಲಿದ್ದರು. ಭಾರತವೂ ಈ ಅಂಗಡಿಯ ಗಿರಾಕಿಯೇ. ಪಹಲ್ಗಾಮಿನಲ್ಲಿ 26 ಜನರ ಹತ್ಯೆಯಾದ ಮೂರು ತಿಂಗಳೊಳಗೆ, 2025ರ ಜುಲೈ 17ರಂದು, ಲಷ್ಕರ್‌ನ ಮುಖವಾಡವಾದ ದಿ ರೆಸಿಸ್ಟೆನ್ಸ್ ಫ್ರಂಟ್ (ಟಿಆರ್‌ಎಫ್) ಅನ್ನು ಅಮೆರಿಕ ಅದೇ ಪಟ್ಟಿಗೆ ಹಾಕಿತು. ನಾಲ್ಕು ವಾರ ಕಳೆಯುವುದರೊಳಗೆ ಬಿಎಲ್‌ಎಯ ಸರದಿ ಬಂತು. ದೆಹಲಿಗೊಂದು, ಇಸ್ಲಾಮಾಬಾದಿಗೊಂದು.

ಇದರಿಂದ ಬಿಎಲ್‌ಎ ಮಾಡಿದ್ದು ಭಯೋತ್ಪಾದನೆಯಲ್ಲ ಎಂದಾಗುವುದಿಲ್ಲ. 2025ರ ಮಾರ್ಚ್ 11ರಂದು ಕ್ವೆಟ್ಟಾದಿಂದ ಪೇಶಾವರಕ್ಕೆ ಹೊರಟಿದ್ದ ಜಾಫರ್ ಎಕ್ಸ್‌ಪ್ರೆಸ್ಸನ್ನು ತಡೆದು, ಪ್ರಯಾಣಿಕರನ್ನು ಒತ್ತೆಯಿಟ್ಟು, ನಾಗರಿಕರನ್ನೂ ಯೋಧರನ್ನೂ ಕೊಂದ ಗುಂಪು ಅದು. ಅಮೆರಿಕದ ಪ್ರಕಟಣೆಯ ಲೆಕ್ಕದಲ್ಲಿ ಸತ್ತವರು 31. 2022ರ ಏಪ್ರಿಲ್‌ನಲ್ಲಿ ಕರಾಚಿ ವಿಶ್ವವಿದ್ಯಾಲಯದ ಆವರಣದಲ್ಲಿ ಚೀನಾದ ಮೂವರು ಶಿಕ್ಷಕರನ್ನು ಕೊಂದ ಆತ್ಮಾಹುತಿ ದಾಳಿಯೂ ಅದರದೇ. 2006ರ ಜುಲೈ 11ರ ಸಂಜೆ ಲೋಕಲ್ ರೈಲುಗಳಲ್ಲಿ ಏನಾಯಿತೆಂದು ಬಲ್ಲ ಮುಂಬಯಿಯವರಿಗೆ ರೈಲಿನ ಪ್ರಯಾಣಿಕನ ಮೇಲೆ ಕೈಮಾಡುವವನನ್ನು ಏನೆಂದು ಕರೆಯಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕೃತ್ಯ ನಡೆದ ದಿನಕ್ಕೂ ಪಟ್ಟಿಗೆ ಸೇರಿದ ದಿನಕ್ಕೂ ನಡುವೆ ಐದು ತಿಂಗಳ, ಕೆಲವೊಮ್ಮೆ ಹತ್ತು ವರ್ಷಗಳ ಅಂತರವಿರುತ್ತದೆ, ಮತ್ತು ಆ ಅಂತರವನ್ನು ತುಂಬುವುದು ಕೃತ್ಯವಲ್ಲ, ಮೂರನೆಯ ದೇಶವೊಂದರ ಅಗತ್ಯ. ಹಣೆಪಟ್ಟಿಯನ್ನು ಕಟ್ಟುವುದು ಬೆಟ್ಟದಲ್ಲಿ ಅಡಗಿದವನ ಹಣೆಗಾದರೂ ಅದನ್ನು ಓದಲೆಂದು ಬರೆದಿರುವುದು ಇನ್ನೊಂದು ರಾಜಧಾನಿಯಲ್ಲಿ ಕೂತವರಿಗೆ.

ನಮ್ಮ ಭಾಷೆಯೇ ಇದನ್ನು ಬಯಲು ಮಾಡುತ್ತದೆ. ಜಾಫರ್ ಎಕ್ಸ್‌ಪ್ರೆಸ್ಸಿನ ವಾರ ಕನ್ನಡ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಂಡ ಪದ ‘ಬಲೂಚ್ ಬಂಡುಕೋರರು’. ಆರು ವಾರ ಕಳೆದು ಪಹಲ್ಗಾಮಿನಲ್ಲಿ ಕೊಂದವರು ಮೊದಲ ಸಾಲಿನಿಂದಲೇ ‘ಉಗ್ರರು’. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವಷ್ಟು ಸರಳವಲ್ಲ ಇದು, ಎರಡರ ಹಿನ್ನೆಲೆ ಬೇರೆ. ಆದರೂ ಶೀರ್ಷಿಕೆ ಬರೆಯುವ ಉಪಸಂಪಾದಕನಿಗೇ ಗೊತ್ತಿಲ್ಲದಂತೆ ಅವನ ಕೈಯಲ್ಲಿ ಒಂದು ವಿದೇಶಾಂಗ ನೀತಿ ಓಡಾಡುತ್ತಿರುತ್ತದೆ.

ಪಾಕಿಸ್ತಾನ ಪದದ ಈ ಶಕ್ತಿಯನ್ನು ನಮಗಿಂತ ಬೇಗ ಅರಿತುಕೊಂಡಿತು. ಅದು ಬಿಎಲ್‌ಎಯನ್ನು ನಿಷೇಧಿಸಿದ್ದು 2006ರಲ್ಲಿ. 2025ರ ಮೇ ತಿಂಗಳಲ್ಲಿ ಬಲೂಚ್ ಸಶಸ್ತ್ರ ಗುಂಪುಗಳನ್ನೆಲ್ಲ ಒಟ್ಟಾಗಿ ‘ಫಿತ್ನಾ ಅಲ್ ಹಿಂದೂಸ್ತಾನ್’ ಎಂದು ಕರೆಯಬೇಕೆಂದು ಅಧಿಕೃತವಾಗಿ ಆದೇಶಿಸಿತು. ಹಿಂದೂಸ್ತಾನ ಎಬ್ಬಿಸಿದ ದಂಗೆ ಎಂದು ಅದರ ಭಾವ. ಗುಂಪಿನ ಹೆಸರನ್ನೇ ಅಳಿಸಿ ಅಲ್ಲಿ ನೆರೆಯ ದೇಶದ ವಿಳಾಸವನ್ನು ಬರೆಯುವ ಇಂಥ ಹಣೆಪಟ್ಟಿ ನನಗೆ ತಿಳಿದ ಮಟ್ಟಿಗೆ ಬೇರೊಂದಿಲ್ಲ. ಇದರ ಬೇರು ಹಳೆಯದು. 2009ರ ಜುಲೈ 16ರಂದು ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ಮನಮೋಹನ್ ಸಿಂಗ್ ಮತ್ತು ಪಾಕ್ ಪ್ರಧಾನಿ ಗಿಲಾನಿ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಬಲೂಚಿಸ್ತಾನದ ಬೆದರಿಕೆಗಳ ಬಗ್ಗೆ ಪಾಕಿಸ್ತಾನಕ್ಕೆ ಮಾಹಿತಿ ಇದೆಯೆಂಬ ಒಂದು ವಾಕ್ಯ ನುಸುಳಿತು. ಮುಂಬಯಿ ದಾಳಿ ನಡೆದು ಎಂಟು ತಿಂಗಳೂ ಆಗಿರದ ಆ ಹೊತ್ತಿನಲ್ಲಿ ಅದು ಸಂಸತ್ತಿನಲ್ಲಿ ಎಬ್ಬಿಸಿದ ಗದ್ದಲವನ್ನು ಓದುಗರು ಮರೆತಿರಲಾರರು. 2016ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಮೋದಿ ಬಲೂಚಿಸ್ತಾನದ ಹೆಸರೆತ್ತಿದರು. ಅದೇ ವರ್ಷದ ಮಾರ್ಚ್‌ನಲ್ಲಿ ನೌಕಾಪಡೆಯ ನಿವೃತ್ತ ಅಧಿಕಾರಿ, ಮುಂಬಯಿಯ ಕುಲಭೂಷಣ್ ಜಾಧವ್ ಅವರನ್ನು ಬಲೂಚಿಸ್ತಾನದಲ್ಲಿ ಸೆರೆಹಿಡಿದೆವೆಂದು ಪಾಕಿಸ್ತಾನ ಹೇಳಿತ್ತು. ವ್ಯಾಪಾರ ಮಾಡಿಕೊಂಡಿದ್ದ ಅವರನ್ನು ಇರಾನಿನಿಂದ ಅಪಹರಿಸಲಾಯಿತು ಎಂಬುದು ಭಾರತದ ವಾದ. 2019ರ ಜುಲೈ 17ರಂದು ಅಂತರರಾಷ್ಟ್ರೀಯ ನ್ಯಾಯಾಲಯವು ವಿದೇಶಿ ಬಂದಿಗೆ ತನ್ನ ದೇಶದ ಅಧಿಕಾರಿಗಳನ್ನು ಕಾಣುವ ಹಕ್ಕು ಕೊಡುವ ವಿಯೆನ್ನಾ ಒಪ್ಪಂದವನ್ನು ಪಾಕಿಸ್ತಾನವು ಮುರಿದಿದೆ ಎಂದು ತೀರ್ಪಿತ್ತಿತು. ಅಮೆರಿಕ ಬಿಎಲ್‌ಎಗೆ ಮೊದಲ ಮೊಹರು ಒತ್ತಿ ಆಗಿನ್ನೂ ಹದಿನೈದು ದಿನ. ಬಿಎಲ್‌ಎಯ ಹಣೆಪಟ್ಟಿ ಗಟ್ಟಿಯಾದಷ್ಟೂ ಜಾಧವ್ ವಿರುದ್ಧದ ಆರೋಪಕ್ಕೆ ಹೊರಗಿನ ಲೋಕದಲ್ಲಿ ತೂಕ ಹೆಚ್ಚುತ್ತದೆ ಎಂಬುದು ಇಸ್ಲಾಮಾಬಾದಿನ ಲೆಕ್ಕಾಚಾರ. ನ್ಯಾಯಾಲಯದಲ್ಲಿ ಅದು ಫಲಿಸಲಿಲ್ಲ, ವಿದೇಶಾಂಗ ಕಚೇರಿಗಳ ಪಡಸಾಲೆಗಳಲ್ಲಿ ಅಷ್ಟಿಷ್ಟು ಫಲಿಸಿದೆ.

ವಾಷಿಂಗ್ಟನ್ನಿನಲ್ಲಿ ಸಿಕ್ಕ ಮೊಹರನ್ನು ವಿಶ್ವಸಂಸ್ಥೆಯಲ್ಲೂ ಒತ್ತಿಸಿಕೊಳ್ಳಲು ಪಾಕಿಸ್ತಾನ ತಡಮಾಡಲಿಲ್ಲ. 2025–26ರ ಅವಧಿಗೆ ಭದ್ರತಾ ಮಂಡಳಿಯ ಕಾಯಂ ಅಲ್ಲದ ಸದಸ್ಯ ರಾಷ್ಟ್ರವಾಗಿ ಆಯ್ಕೆಯಾಗಿದ್ದ ಅದು, 2025ರ ಸೆಪ್ಟೆಂಬರ್‌ನಲ್ಲಿ ಚೀನಾದ ಜೊತೆಗೂಡಿ, ಬಿಎಲ್‌ಎಯನ್ನು ಮಂಡಳಿಯ ನಿರ್ಬಂಧಗಳನ್ನು ನೋಡಿಕೊಳ್ಳುವ 1267 ಸಮಿತಿಯ ಪಟ್ಟಿಗೆ ಸೇರಿಸುವ ಪ್ರಸ್ತಾವ ಸಲ್ಲಿಸಿತು. ಆದರೆ ಆ ಪಟ್ಟಿ ಅಲ್ ಕೈದಾ ಹಾಗೂ ಐಸಿಸ್ ನಂಟಿರುವವರಿಗೆ ಮಾತ್ರ ಮೀಸಲು. ಮಾರ್ಕ್ಸ್‌ವಾದದ ಛಾಯೆಯುಳ್ಳ, ಧರ್ಮಕ್ಕಿಂತ ಜನಾಂಗದ ಹೆಸರಿನಲ್ಲಿ ಹೋರಾಡುವ ಬಲೂಚ್ ಗುಂಪಿಗೆ ಆ ನಂಟನ್ನು ಅಂಟಿಸುವುದು ಕಷ್ಟ. ಅಮೆರಿಕ, ಬ್ರಿಟನ್, ಫ್ರಾನ್ಸ್ ಒಪ್ಪಲಿಲ್ಲವೆಂದು ವರದಿಯಾಯಿತು. ತನ್ನ ಪಟ್ಟಿಗೆ ತಾನೇ ಹಾಕಿಕೊಂಡ ಹೆಸರನ್ನು ಅಮೆರಿಕ ಐದೇ ವಾರದಲ್ಲಿ ಇನ್ನೊಂದು ಪಟ್ಟಿಗೆ ಬೇಡವೆನ್ನುವುದು ವಿಚಿತ್ರವಾಗಿ ಕಂಡರೂ ಅದರ ತರ್ಕ ಸ್ಪಷ್ಟ: ಮೊದಲನೆಯದು ಪಾಕಿಸ್ತಾನಕ್ಕೆ ಕೊಟ್ಟದ್ದು, ಎರಡನೆಯದನ್ನು ಕೊಟ್ಟಿದ್ದರೆ ಚೀನಾಕ್ಕೂ ಕೊಟ್ಟಂತಾಗುತ್ತಿತ್ತು. ಹದಿನೈದೂ ಸದಸ್ಯರು ಒಪ್ಪಿದರೆ ಮಾತ್ರ ಹೆಸರು ಸೇರುವ ಆ ಸಮಿತಿಯಲ್ಲಿ ಚೀನಾ ಏನು ಮಾಡಿಕೊಂಡು ಬಂದಿದೆ ಎಂಬುದಕ್ಕೆ ಮುಂಬಯಿಯೇ ಸಾಕ್ಷಿ: 26/11ರ ಸಂಚುಕೋರರಲ್ಲಿ ಒಬ್ಬನಾದ ಸಾಜಿದ್ ಮೀರ್‌ನ ಹೆಸರನ್ನು ಭಾರತ ಮತ್ತು ಅಮೆರಿಕ ಮುಂದಿಟ್ಟಾಗ ಅಡ್ಡಗಾಲು ಹಾಕಿದ್ದು ಅದೇ ದೇಶ.

ಹಣೆಪಟ್ಟಿ ಯುದ್ಧವನ್ನೇ ತಂದ, ಆಮೇಲೆ ಅದೇ ನೆಪದಲ್ಲಿ ರಾಜಿಗೂ ದಾರಿ ಮಾಡಿದ ಒಂದು ಸಣ್ಣ ಪ್ರಸಂಗವನ್ನು ಇಲ್ಲಿ ನೆನೆಯಬಹುದು. 2024ರ ಜನವರಿ 16ರಂದು ಇರಾನ್ ಪಾಕಿಸ್ತಾನದೊಳಗೆ ಜೈಶ್ ಅಲ್ ಅದ್ಲ್ ಎಂಬ ಬಲೂಚ್ ಸುನ್ನಿ ಗುಂಪಿನ ನೆಲೆಗಳೆಂದು ಕ್ಷಿಪಣಿ ಬಿಟ್ಟಿತು. ಎರಡು ದಿನ ಬಿಟ್ಟು ಪಾಕಿಸ್ತಾನ ಇರಾನಿನೊಳಗೆ ತನ್ನ ವಿರುದ್ಧ ಹೋರಾಡುವ ಬಲೂಚ್ ಗುಂಪುಗಳ ನೆಲೆಗಳೆಂದು ಪ್ರತಿದಾಳಿ ಮಾಡಿತು. ಒಂದೇ ಜನಾಂಗ, ಗಡಿಯ ಆಚೆಗೊಂದು ಪಟ್ಟಿ, ಈಚೆಗೊಂದು ಪಟ್ಟಿ. ನಾವು ಹೊಡೆದದ್ದು ನಿಮ್ಮ ದೇಶವನ್ನಲ್ಲ, ಅಲ್ಲಿ ಅಡಗಿದ ನಮ್ಮ ಉಗ್ರರನ್ನು ಎಂದು ಇಬ್ಬರೂ ಹೇಳಬಹುದಾಗಿದ್ದರಿಂದಲೇ ತಿಂಗಳು ಮುಗಿಯುವುದರೊಳಗೆ ರಾಯಭಾರಿಗಳು ಮರಳಿ ತಮ್ಮ ಕುರ್ಚಿಗಳಲ್ಲಿದ್ದರು.

ಆದರೆ ಹಣೆಪಟ್ಟಿಯ ಬೆಲೆ ಏನೆಂದು ಅಳೆಯಬೇಕಾದರೆ ಬಲೂಚಿಸ್ತಾನ ಸಾಲದು, ಅಲ್ಲಿ ಮಾತುಕತೆಯೇ ನಡೆದಿಲ್ಲ. ಅಳೆಯಬೇಕಾದದ್ದು ಶ್ರೀಲಂಕೆಯಲ್ಲಿ. ಅಲ್ಲಿ ತಮಿಳರಿಗೆ ಪ್ರತ್ಯೇಕ ನಾಡು ಬೇಡಿ ಯುದ್ಧ ಹೂಡಿದ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳು, ಕನ್ನಡಿಗರಿಗೆ ದೂರದ ಸಂಗತಿಯಲ್ಲ. ರಾಜೀವ್ ಗಾಂಧಿ ಹತ್ಯೆಯ ಸೂತ್ರಧಾರ ಶಿವರಾಸನ್ ಮತ್ತು ಅವನ ಸಂಗಡಿಗರ ಕಥೆ ಮುಗಿದದ್ದು 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ. ಭಾರತ 1992ರ ಮೇ 14ರಂದು ಆ ಸಂಘಟನೆಯನ್ನು ನಿಷೇಧಿಸಿತು. 1997ರ ಅಕ್ಟೋಬರ್‌ನಲ್ಲಿ ಅಮೆರಿಕ ತನ್ನ ಮೊಟ್ಟಮೊದಲ ಪಟ್ಟಿಯಲ್ಲೇ ಅದನ್ನು ಸೇರಿಸಿತು, 2001ರಲ್ಲಿ ಬ್ರಿಟನ್. 2002ರ ಫೆಬ್ರುವರಿ 22ರಂದು ನಾರ್ವೆಯ ಮಧ್ಯಸ್ಥಿಕೆಯಲ್ಲಿ ಕದನ ವಿರಾಮಕ್ಕೆ ಸಹಿ ಬಿತ್ತು. ಕೊಲಂಬೊ ಅದೇ ಸೆಪ್ಟೆಂಬರ್‌ನಲ್ಲಿ, ಥಾಯ್ಲೆಂಡಿನ ಮಾತುಕತೆಗೆ ಮೊದಲು, ತನ್ನ ನಿಷೇಧವನ್ನು ತೆಗೆಯಿತು, ಏಕೆಂದರೆ ಹುಲಿಗಳು ಅದನ್ನೇ ಷರತ್ತಾಗಿಟ್ಟಿದ್ದರು. ಎಲ್‌ಟಿಟಿಇಯ ಮುಖ್ಯ ಸಂಧಾನಕಾರ ಆಂಟನ್ ಬಾಲಸಿಂಗಂ ವಾಸವಿದ್ದದ್ದು ಲಂಡನ್ನಿನಲ್ಲಿ. ಅವರ ಸಂಘಟನೆ ಬ್ರಿಟನ್ನಿನಲ್ಲಿ ನಿಷಿದ್ಧ, ಅವರು ಮಾತ್ರ ಅಲ್ಲಿಂದಲೇ ವಿಮಾನ ಹತ್ತಿ ಸಂಧಾನಕ್ಕೆ ಹೋಗಿಬರುತ್ತಿದ್ದರು. ಕಾನೂನು ಕಣ್ಣು ಮುಚ್ಚಿಕೊಂಡರೆ ರಾಜತಂತ್ರಕ್ಕೆ ಉಸಿರಾಡಲು ಜಾಗ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣೆ.

ಕಣ್ಣು ಮುಚ್ಚಲು ಆಗದ ಕಡೆ ಏನಾಯಿತು? 2003ರ ಏಪ್ರಿಲ್ 14ರಂದು ಶ್ರೀಲಂಕೆಯ ಪುನರ್ನಿರ್ಮಾಣಕ್ಕೆ ನೆರವು ಕೊಡುವ ದೇಶಗಳ ಪೂರ್ವಸಭೆ ಸೇರಿದ್ದು ವಾಷಿಂಗ್ಟನ್ನಿನಲ್ಲಿ. ಪಟ್ಟಿಯಲ್ಲಿರುವ ಸಂಘಟನೆಯ ಪ್ರತಿನಿಧಿಗಳಿಗೆ ಅಮೆರಿಕದ ನೆಲದಲ್ಲಿ ಕಾಲಿಡುವಂತಿರಲಿಲ್ಲ. ಯುದ್ಧದಲ್ಲಿ ಹಾಳಾದ ಉತ್ತರ, ಪೂರ್ವ ಪ್ರಾಂತ್ಯಗಳಿಗೆ ಯಾರು ಎಷ್ಟು ಕೊಡಬೇಕೆಂದು ಚರ್ಚೆಯಾಗುವಾಗ ಆ ಪ್ರಾಂತ್ಯಗಳ ದೊಡ್ಡ ಭಾಗವನ್ನು ಆಳುತ್ತಿದ್ದವರ ಕುರ್ಚಿ ಖಾಲಿ. ಒಂದು ವಾರದ ಬಳಿಕ ಎಲ್‌ಟಿಟಿಇ ಮಾತುಕತೆಯಿಂದ ಹಿಂದೆ ಸರಿಯಿತು. ಹೇಳಿದ ಕಾರಣಗಳಲ್ಲಿ ಆ ಸಭೆಯೂ ಒಂದು. ಜೂನ್‌ನಲ್ಲಿ ಟೋಕಿಯೊದಲ್ಲಿ 450 ಕೋಟಿ ಡಾಲರ್ ನೆರವಿನ ಭರವಸೆ ಮೂಡಿದಾಗಲೂ ಅದು ಬರಲಿಲ್ಲ. ಎಲ್‌ಟಿಟಿಇಗೆ ನೆಪ ಬೇಕಿತ್ತು ಎಂದು ವಾದಿಸುವವರಿದ್ದಾರೆ, ಆ ವಾದದಲ್ಲಿ ಹುರುಳೂ ಇದೆ. ಆದರೆ ನೆಪ ಹುಡುಕುವವನ ಕೈಗೆ ನೆಪವನ್ನು ತಟ್ಟೆಯಲ್ಲಿಟ್ಟು ಕೊಟ್ಟದ್ದು ಸಭೆಯ ಊರನ್ನು ಆರಿಸಿದವರೇ.

ಮುಂದಿನ ಹೊಡೆತ ಐರೋಪ್ಯ ಒಕ್ಕೂಟದ್ದು. 2005ರ ಆಗಸ್ಟ್‌ನಲ್ಲಿ ಶ್ರೀಲಂಕೆಯ ವಿದೇಶಾಂಗ ಸಚಿವ, ಸ್ವತಃ ತಮಿಳರಾದ ಲಕ್ಷ್ಮಣ್ ಕದಿರ್‌ಗಾಮರ್ ಅವರ ಹತ್ಯೆಯಾಯಿತು. ಎಲ್‌ಟಿಟಿಇಯನ್ನು ಹೊರದೇಶಗಳಲ್ಲಿ ನಿಷೇಧಿಸಿ ಎಂದು ವರ್ಷಗಟ್ಟಲೆ ರಾಜಧಾನಿಯಿಂದ ರಾಜಧಾನಿಗೆ ಅಲೆದವರು ಅವರು. ಅವರ ಕೊಲೆಯೇ ಅವರ ವಾದವನ್ನು ಗೆಲ್ಲಿಸಿತು. 2006ರ ಏಪ್ರಿಲ್‌ನಲ್ಲಿ ಕೆನಡಾ, ಮೇ 29ರಂದು ಐರೋಪ್ಯ ಒಕ್ಕೂಟ ಪಟ್ಟಿಯ ಬಾಗಿಲು ತೆರೆದವು. ಕದನ ವಿರಾಮವನ್ನು ಕಾಯುತ್ತಿದ್ದ ನಾರ್ಡಿಕ್ ವೀಕ್ಷಕರ ತಂಡದಲ್ಲಿ ಆಗ 57 ಮಂದಿ. ಅವರಲ್ಲಿ 37 ಜನ ಒಕ್ಕೂಟದ ಸದಸ್ಯರಾದ ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್‌ಗಳವರು. ನಮ್ಮನ್ನು ಉಗ್ರರೆಂದವರು ನಮ್ಮಿಬ್ಬರ ನಡುವೆ ತಟಸ್ಥರಾಗಿ ನಿಲ್ಲುವುದು ಹೇಗೆ ಎಂದು ಹುಲಿಗಳು ಸೆಪ್ಟೆಂಬರ್ ಒಂದರ ಗಡುವು ಕೊಟ್ಟರು. ತಂಡದ ಮುಖ್ಯಸ್ಥ ಉಲ್ಫ್ ಹೆನ್ರಿಕ್‌ಸನ್ ಸ್ವೀಡನ್ನಿನವರೇ. ಹೀಗೆ ಆಗುತ್ತದೆ ಎಂದು ಅವರು ಮೊದಲೇ ಎಚ್ಚರಿಸಿದ್ದರು, ಮತ್ತು ಅವರೂ ಗಂಟುಮೂಟೆ ಕಟ್ಟಿದರು. ಉಳಿದದ್ದು ನಾರ್ವೆ ಮತ್ತು ಐಸ್‌ಲೆಂಡಿನ ಬೆರಳೆಣಿಕೆಯ ಜನ.

ಈ ಹಣೆಪಟ್ಟಿ ಎಲ್‌ಟಿಟಿಇಯನ್ನು ದುರ್ಬಲಗೊಳಿಸಿತೇ ಎಂದರೆ ಹೌದು. ವಿದೇಶಗಳ ವಂತಿಗೆ ಬತ್ತಿತು, ಶಸ್ತ್ರಾಸ್ತ್ರ ಕೊಳ್ಳುವ ಜಾಲ ಹರಿಯಿತು, 2007ರಲ್ಲಿ ಅದರ ತೇಲುವ ಗೋದಾಮುಗಳಂತಿದ್ದ ಹಡಗುಗಳನ್ನು ಲಂಕೆಯ ನೌಕಾಪಡೆ ಒಂದೊಂದಾಗಿ ಮುಳುಗಿಸಿತು. ಆದರೆ ಗಾಯವನ್ನು ಕೊಯ್ದ ಅದೇ ಕತ್ತಿ ಸಾಕ್ಷಿಯ ಕಣ್ಣನ್ನೂ ಕಿತ್ತಿತ್ತು. 2008ರ ಜನವರಿಯಲ್ಲಿ ಕೊಲಂಬೊ ಕದನ ವಿರಾಮವನ್ನು ಅಧಿಕೃತವಾಗಿ ಮುರಿದಾಗ ತಡೆಯುವ ಬಲವುಳ್ಳವರು ಯಾರೂ ಇರಲಿಲ್ಲ. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಲ್‌ನ ಮರಳು ದಂಡೆಯ ಮೇಲೆ ಯುದ್ಧ ಮುಗಿದಾಗ ಎಣಿಸುವವರೂ ಇರಲಿಲ್ಲ. ಕೊನೆಯ ಹಂತದಲ್ಲಿ ಸತ್ತ ನಾಗರಿಕರ ಸಂಖ್ಯೆ 40,000ದವರೆಗೆ ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ನಾರ್ವೆ ಮಾತ್ರ ಈ ಅಪಾಯವನ್ನು ಮೊದಲೇ ಊಹಿಸಿತ್ತು. 2006ರ ಆರಂಭದಲ್ಲೇ ಅದು ಐರೋಪ್ಯ ಪಟ್ಟಿಯನ್ನು ಅನುಸರಿಸುವುದನ್ನು ನಿಲ್ಲಿಸಿ, ವಿಶ್ವಸಂಸ್ಥೆಯ ಪಟ್ಟಿಯಷ್ಟೇ ಸಾಕೆಂದಿತು. ಮಧ್ಯಸ್ಥನಿಗೆ ಎರಡೂ ಕಡೆಯವರ ಮನೆಯಲ್ಲಿ ನೀರು ಕುಡಿಯುವ ಸ್ವಾತಂತ್ರ್ಯವಿರಬೇಕು ಎಂಬ ಕಾರಣಕ್ಕೆ.

ಮಧ್ಯಸ್ಥಿಕೆಯನ್ನೇ ಅಪರಾಧವಾಗಿಸಬಲ್ಲ ಕಾನೂನು ಇದೆಯೇ ಎಂದು ಕೇಳಬಹುದು. ಇದೆ. 2010ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರು–ಮೂರರ ಬಹುಮತದಲ್ಲಿ ಕೊಟ್ಟ ತೀರ್ಪೊಂದರ ಪ್ರಕಾರ, ಪಟ್ಟಿಯಲ್ಲಿರುವ ಗುಂಪಿನವರಿಗೆ ಅಂತರರಾಷ್ಟ್ರೀಯ ಕಾನೂನು ಬಳಸಿ ಶಾಂತಿಯುತವಾಗಿ ವಿವಾದ ಬಗೆಹರಿಸಿಕೊಳ್ಳುವುದನ್ನು, ವಿಶ್ವಸಂಸ್ಥೆಗೆ ಮನವಿ ಸಲ್ಲಿಸುವುದನ್ನು ಕಲಿಸಿಕೊಡುವುದೂ ‘ಪೂರಕ ನೆರವೇ’. ಆ ಮೊಕದ್ದಮೆಯಲ್ಲಿ ಚರ್ಚೆಗೆ ಬಂದ ಎರಡು ಗುಂಪುಗಳು ಎಲ್‌ಟಿಟಿಇ ಮತ್ತು ಟರ್ಕಿಯ ವಿರುದ್ಧ ಬಂದೂಕು ಹಿಡಿದಿದ್ದ ಕುರ್ದಿಶ್ ವರ್ಕರ್ಸ್ ಪಾರ್ಟಿ (ಪಿಕೆಕೆ).

ಪಿಕೆಕೆಯದು ಇನ್ನೊಂದು ಬಗೆಯ ಪಾಠ. ಅಲ್ಲಿ ಹಣೆಪಟ್ಟಿ ಚಲಾವಣೆಯ ನಾಣ್ಯವಾಯಿತು. ಟರ್ಕಿಯ ನಂತರ ಪಿಕೆಕೆಯನ್ನು ಉಗ್ರಸಂಘಟನೆ ಎಂದ ಮೊದಲ ದೇಶ ಸ್ವೀಡನ್, ಅದೂ 1984ರಲ್ಲೇ. ಅಂಥ ಸ್ವೀಡನ್ 2022ರ ಮೇ ತಿಂಗಳಲ್ಲಿ ನ್ಯಾಟೊ ಸೇರಲು ಅರ್ಜಿ ಹಾಕಿದಾಗ, ನೀವು ಕುರ್ದ್ ಉಗ್ರರಿಗೆ ಆಶ್ರಯ ಕೊಡುತ್ತೀರಿ ಎಂದು ಟರ್ಕಿ ಬಾಗಿಲಿಗೆ ಅಡ್ಡ ನಿಂತಿತು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಅದರ ನೆರಳಿನಲ್ಲಿ ಯಾರು ಯಾರಿದ್ದಾರೆಂದು ನಾವು ಹೇಳಿದಂತೆ ಒಪ್ಪಬೇಕು ಎಂಬುದು ಅಂಕಾರಾದ ಬೇಡಿಕೆ. ಸ್ವೀಡನ್ ಹೊಸ ಭಯೋತ್ಪಾದನಾ ಕಾನೂನು ತಂದಿತು, ಶಸ್ತ್ರಾಸ್ತ್ರ ರಫ್ತಿನ ತಡೆ ಸಡಿಲಿಸಿತು. 2024ರ ಜನವರಿ 23ರಂದು ಟರ್ಕಿಯ ಸಂಸತ್ತು ಒಪ್ಪಿಗೆ ಕೊಟ್ಟಿತು. ಮೂರೇ ದಿನದಲ್ಲಿ ಅಮೆರಿಕ ಟರ್ಕಿಗೆ ಎಫ್-16 ವಿಮಾನಗಳ ಮಾರಾಟಕ್ಕೆ ಹಸಿರು ನಿಶಾನೆ ತೋರಿತು. ಇಲ್ಲಿಯೂ ಧಾರವಾಡದ ಹಿರಿಯರ ಮಾತೇ. ಸಿರಿಯಾದಲ್ಲಿ ಅದೇ ಪಿಕೆಕೆಯ ಸೋದರ ಪಡೆಯಾದ ವೈಪಿಜಿಯ ನೆರವಿಲ್ಲದೆ ಐಸಿಸ್ ವಿರುದ್ಧ ಗೆಲ್ಲಲಾಗದೆಂದು ಕಂಡಾಗ ಅಮೆರಿಕ ಮಾಡಿದ್ದೇನು? ಹೆಸರು ಬದಲಿಸಿಕೊಳ್ಳಿ ಎಂದಿತು. 2015ರ ಅಕ್ಟೋಬರ್‌ನಲ್ಲಿ ‘ಸಿರಿಯನ್ ಡೆಮಾಕ್ರಟಿಕ್ ಫೋರ್ಸಸ್’ ಹುಟ್ಟಿದ ಬಗೆಯನ್ನು ಅಮೆರಿಕದ ವಿಶೇಷ ಪಡೆಗಳ ಮುಖ್ಯಸ್ಥರೇ ಎರಡು ವರ್ಷದ ಬಳಿಕ ಸಭೆಯೊಂದರಲ್ಲಿ ನಗುತ್ತ ಹೇಳಿಕೊಂಡರು. ನಮ್ಮ ಐರೋಲಿಯ ಕಚೇರಿಯಲ್ಲಿ ಹೆಸರಿನ ಒಂದಕ್ಷರ ಬದಲಿಸಿ ಹಣ ಕಳುಹಿಸಲು ನೋಡಿದವನನ್ನು ತಪ್ಪಿಸಿಕೊಳ್ಳುವ ಯತ್ನ ಎಂದು ದಾಖಲಿಸುತ್ತಿದ್ದೆವು.

ಭಾರತ ಇದನ್ನೆಲ್ಲ ಅರಿಯದ ದೇಶವಲ್ಲ. ಭಯೋತ್ಪಾದನೆಯ ವಿರುದ್ಧ ಸಮಗ್ರ ಅಂತರರಾಷ್ಟ್ರೀಯ ಒಪ್ಪಂದವೊಂದು ಬೇಕೆಂದು 1996ರಿಂದ ವಿಶ್ವಸಂಸ್ಥೆಯಲ್ಲಿ ಕೇಳುತ್ತ ಬಂದಿರುವುದು ನಾವೇ. ವಿಮೋಚನಾ ಹೋರಾಟಗಾರನಿಗೂ ಉಗ್ರನಿಗೂ ಗೆರೆ ಎಲ್ಲಿ ಎಂಬಲ್ಲಿ ಅದು ಇಂದಿಗೂ ಸಿಕ್ಕಿಬಿದ್ದಿದೆ. ಹೊರಗೆ ಹೀಗೆ ಖಡಾಖಂಡಿತವಾಗಿ ಮಾತಾಡುವ ದೆಹಲಿ ಮನೆಯೊಳಗೆ ಬೇರೆ ಹತಾರ ಬಳಸುತ್ತದೆ. ನಾಗಾ ಗುಂಪಾದ ಎನ್‌ಎಸ್‌ಸಿಎನ್ (ಐಎಂ) ಜೊತೆ 1997ರಿಂದ ಕದನ ವಿರಾಮವಿತ್ತು. ಅದರ ನಾಯಕರನ್ನು ಭೇಟಿಯಾಗಲು ನಮ್ಮ ಪ್ರತಿನಿಧಿಗಳು ಬ್ಯಾಂಕಾಕ್, ಆಮ್‌ಸ್ಟರ್‌ಡ್ಯಾಂ ಎಂದು ತಿರುಗುತ್ತಿದ್ದರು. 2002ರ ನವೆಂಬರ್‌ನಲ್ಲಿ ಆ ಗುಂಪಿನ ಮೇಲಿನ ನಿಷೇಧದ ಅವಧಿ ಮುಗಿದಾಗ ಕೇಂದ್ರ ಸರ್ಕಾರ ಅದನ್ನು ನವೀಕರಿಸದೆ ಸುಮ್ಮನಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಿಷೇಧ ತೆಗೆದೆವೆಂದು ಸಾರಬೇಕಾದ ಮುಜುಗರವಿಲ್ಲದೆ, 2003ರ ಜನವರಿಯಲ್ಲಿ ಅದರ ನಾಯಕರಾದ ಮುಯಿವಾ ಮತ್ತು ಇಸಾಕ್ ಸ್ವೂ ದೆಹಲಿಗೆ ಬಂದಿಳಿದರು. ಅಂತಿಮ ಒಪ್ಪಂದ ಇನ್ನೂ ಆಗಿಲ್ಲ ಎಂಬುದು ನಿಜ, ಆದರೆ ಮಾತು ನಿಂತಿಲ್ಲ.

ಮಾಟುಂಗಾದಲ್ಲಿ ಕನ್ನಡ ಉಪನ್ಯಾಸವೊಂದು ಮುಗಿದು ಕಾಫಿ ಹೀರುತ್ತ ನಿಂತಾಗ ನಾನು ಇದನ್ನೆಲ್ಲ ಹೇಳುತ್ತಿದ್ದೆ. ಮಡಗಾಂವ್‌ನಿಂದ ಬಂದಿದ್ದ ಹಿರಿಯ ಕನ್ನಡಿಗರೊಬ್ಬರು, ನೀವು ಅಷ್ಟು ದೂರ ಏಕೆ ಹೋಗುತ್ತೀರಿ, ಗೋವೆಯ ವಿಮೋಚನೆಗೆ ಹೋರಾಡಿದ ನಮ್ಮ ಮೋಹನ ರಾನಡೆಯವರು ಪೋರ್ಚುಗೀಸರ ಲೆಕ್ಕದಲ್ಲಿ ಏನಾಗಿದ್ದರು ಎಂದು ಕೇಳಿದರು. ನಾನು ಯೋಚಿಸಿರಲಿಲ್ಲ. 1951ರಲ್ಲಿ ಪೋರ್ಚುಗಲ್ ಸಂವಿಧಾನ ತಿದ್ದಿ ಗೋವೆಯನ್ನು ವಸಾಹತು ಅಲ್ಲ, ‘ಸಮುದ್ರದಾಚೆಯ ಪ್ರಾಂತ್ಯ’ ಎಂದು ಕರೆದುಕೊಂಡಿತು. ಆ ಒಂದು ಪದದ ಬದಲಾವಣೆಯಿಂದ ರಾನಡೆಯವರ ಆಜಾದ್ ಗೋಮಾಂತಕ ದಳವು ಲಿಸ್ಬನ್ನಿನ ಕಾನೂನಿನ ಕಣ್ಣಲ್ಲಿ ದೇಶ ಒಡೆಯಹೊರಟ ಸಶಸ್ತ್ರ ಪ್ರತ್ಯೇಕತಾವಾದಿ ಗುಂಪಾಯಿತು. 1955ರಲ್ಲಿ ಬೇತಿಯ ಪೊಲೀಸ್ ಠಾಣೆಯ ಮೇಲಿನ ದಾಳಿಯಲ್ಲಿ ಗಾಯಗೊಂಡು ಸಿಕ್ಕಿಬಿದ್ದ ರಾನಡೆ ಮುಂದೆ ಪೋರ್ಚುಗಲ್ಲಿನ ಸೆರೆಮನೆ ಸೇರಿದರು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಯಿತು, ಅವರು ಬಿಡುಗಡೆಯಾಗಲಿಲ್ಲ. ಎರಡೂ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇಲ್ಲದ್ದರಿಂದ ಕೇಳುವ ಬಾಗಿಲೂ ಇರಲಿಲ್ಲ. ತಮಿಳುನಾಡಿನ ಮುಖ್ಯಮಂತ್ರಿ ಅಣ್ಣಾದೊರೈ ಪೋಪರಲ್ಲಿ ಮನವಿ ಮಾಡಬೇಕಾಯಿತು. ರಾನಡೆ ಹೊರಬಂದದ್ದು 1969ರ ಜನವರಿಯಲ್ಲಿ. ರಾನಡೆಯವರನ್ನು ಬಿಎಲ್‌ಎಯೊಡನೆ ಒಂದೇ ತಕ್ಕಡಿಯಲ್ಲಿಡುವುದು ನನ್ನ ಉದ್ದೇಶವಲ್ಲ. ಒಂದು ಠಾಣೆಯ ಮೇಲೆ ದಾಳಿ ಮಾಡುವುದಕ್ಕೂ ರೈಲಿನ ಪ್ರಯಾಣಿಕರನ್ನು ಕೊಲ್ಲುವುದಕ್ಕೂ ಇರುವ ಅಂತರ ದೊಡ್ಡದು. ಆದರೆ ಹಣೆಪಟ್ಟಿ ಆ ಅಂತರವನ್ನು ಅಳೆಯುವುದಿಲ್ಲ. ಬಲೂಚಿಸ್ತಾನದಲ್ಲಿ ಆಯುಧ ಮುಟ್ಟದೆ, ಕಾಣೆಯಾದವರ ಫೋಟೊ ಹಿಡಿದು ನಡೆದ ವೈದ್ಯೆ ಮಾಹ್‌ರಂಗ್ ಬಲೂಚ್ 2025ರ ಮಾರ್ಚ್‌ನಲ್ಲಿ ಸೆರೆಯಾದರು, ಅವರ ಮೇಲೆ ಭಯೋತ್ಪಾದನಾ ಕಾನೂನಿನಡಿಯ ಆರೋಪಗಳನ್ನೂ ಹೊರಿಸಲಾಯಿತು.

ಪಟ್ಟಿಗೆ ಹೆಸರು ಸೇರಿಸುವುದಕ್ಕಿಂತ ತೆಗೆಯುವುದು ಕಷ್ಟ, ಏಕೆಂದರೆ ತೆಗೆಯುವವನಿಗೆ ಯಾವ ಶಿಖರ ಸಭೆಯಲ್ಲೂ ಚಪ್ಪಾಳೆ ಸಿಗುವುದಿಲ್ಲ. ಪಿಕೆಕೆ 2025ರ ಮೇ 12ರಂದು ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವುದಾಗಿ ಘೋಷಿಸಿತು, ಜುಲೈಯಲ್ಲಿ ಇರಾಕಿನ ಗುಹೆಯೊಂದರ ಮುಂದೆ ಅದರ ಹೋರಾಟಗಾರರು ಬಂದೂಕುಗಳನ್ನು ಕಡಾಯಿಯಲ್ಲಿಟ್ಟು ಸುಟ್ಟರು. ಹೆಸರು ಆಗಲೂ ಪಟ್ಟಿಯಿಂದ ಕದಲಲಿಲ್ಲ. ಎಲ್‌ಟಿಟಿಇ ನೆಲಸಮವಾಗಿ ಹೆಚ್ಚುಕಡಿಮೆ ಹದಿನೈದು ವರ್ಷವಾದಾಗ, 2024ರ ಮೇ 14ರಂದು, ಭಾರತ ತನ್ನ ನಿಷೇಧವನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಅದರ ನಂಟಿನ ಆರೋಪದ ಮೇಲೆ ತಮಿಳರ ಪುನರ್ವಸತಿ ಸಂಸ್ಥೆಯೊಂದನ್ನು ಅಮೆರಿಕ 2007ರ ನವೆಂಬರ್‌ನಲ್ಲಿ ಪಟ್ಟಿಗೆ ಹಾಕಿತ್ತು. ನಾನು ಐರೋಲಿಯಲ್ಲಿದ್ದಾಗ ಒಂದು ರಾತ್ರಿ ಕೆಂಪಾದ ಸಾಲು ಆ ಸಂಸ್ಥೆಯ ಹೆಸರಿನ ಎರಡು ಪದಗಳನ್ನು ಹೋಲುತ್ತಿತ್ತು ಅಷ್ಟೇ: ಟೊರಾಂಟೊದಿಂದ ಒಬ್ಬ ಹೆಂಗಸು ಶ್ರೀಲಂಕೆಯ ವವುನಿಯಾ ಬಳಿಯ ಹಳ್ಳಿಯೊಂದರ ಪುನರ್ವಸತಿ ಸಂಘಕ್ಕೆ 300 ಡಾಲರ್ ಕಳುಹಿಸಿದ್ದಳು. ಉದ್ದೇಶದ ಕಾಲಂನಲ್ಲಿ ‘ಬಾವಿಯ ಪಂಪ್’ ಎಂದು ಬರೆದಿತ್ತು. ನಾವು ಸಂಘದ ನೋಂದಣಿ ಪತ್ರ ಕೇಳಿದೆವು, ಅಧ್ಯಕ್ಷರ ಹುಟ್ಟಿದ ದಿನ ಕೇಳಿದೆವು, ಪಂಪ್ ಅಂಗಡಿಯ ಬಿಲ್ಲು ಕೇಳಿದೆವು. ಹನ್ನೊಂದನೆಯ ದಿನ ಹಣ ಬಿಟ್ಟೆವು. ಮುಂದಿನ ತಿಂಗಳು ಅವಳು ಪೈಪಿಗೆಂದು ಮತ್ತೆ 120 ಡಾಲರ್ ಕಳುಹಿಸಿದಳು, ಸಾಲು ಮತ್ತೆ ಕೆಂಪಾಯಿತು.